ವಿಕ್ಟೋರಿಯಾ ಕಾಲದ ನಾಯಿಚಿತ್ರಗಳನ್ನು ನೋಡುವ ಬಗೆ

ವಿಕ್ಟೋರಿಯಾ ಮತ್ತು ಎಡ್ವರ್ಡ್ ಕಾಲದ ಬ್ರಿಟನ್ನಿನ ನಾಯಿಚಿತ್ರದ ಮುಂದೆ ನಿಂತಾಗ, ಕಲಾವಿದರು ತಳಿಯ ಲಕ್ಷಣವನ್ನು ದಾಖಲಿಸುತ್ತಿದ್ದಾರೋ ಅಥವಾ ನಾಯಿಯ ಮನಸ್ಸನ್ನು ಹಿಡಿಯುತ್ತಿದ್ದಾರೋ ಎಂದು ಮೊದಲು ಗುರುತಿಸಿ. ನಾಯಿ ಪಕ್ಕದಿಂದ ಕಾಣುವಂತೆ ನಾಲ್ಕೂ ಕಾಲೂರಿ ನಿಂತಿದ್ದರೆ ಬೆನ್ನಿನ ರೇಖೆ, ಕಿವಿ, ಬಾಲಗಳನ್ನು ಗಮನಿಸಿ. 1873ರಲ್ಲಿ ತಳಿನಾಯಿಗಳ ಸಂಘವಾದ ಕೆನಲ್ ಕ್ಲಬ್ ಸ್ಥಾಪನೆಯಾದ ನಂತರದ ನಾಯಿ ಪ್ರದರ್ಶನಗಳಲ್ಲಿ ಇವುಗಳಿಗೆ ಬಹಳ ಬೆಲೆಯಿತ್ತು.

ಎಡ್ವಿನ್ ಲ್ಯಾಂಡ್‌ಸೀರ್ 1837ರಲ್ಲಿ ಪ್ರದರ್ಶಿಸಿದ, ಮುದಿ ಕುರುಬನ ಶವಪೆಟ್ಟಿಗೆಗೆ ಗದ್ದವೂರಿದ ನಾಯಿಯ ಚಿತ್ರದ ಮುಂದೆ ಮಾತ್ರ ಅವಸರ ಬೇಡ. ಮೊದಲು ನಾಯಿಯ ಕಣ್ಣನ್ನು, ಬಳಿಕ ನೆಲದ ಮೇಲಿನ ಕೋಲು ಮತ್ತು ಟೋಪಿಯನ್ನು, ಕೊನೆಗೆ ಬೈಬಲ್ ಜೊತೆಗಿರುವ ಕನ್ನಡಕವನ್ನು ನೋಡಿದರೆ, ಮನುಷ್ಯಮುಖವೇ ಇಲ್ಲದ ಆ ಕೋಣೆಯಲ್ಲಿ ಒಂದು ಇಡೀ ಬದುಕು ಕಾಣುತ್ತದೆ. ನನ್ನ ಮಟ್ಟಿಗೆ ಈ ಪ್ರಕಾರದ ಶ್ರೇಷ್ಠ ಕೃತಿ ಇದೇ. ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು, ತೀರಿಕೊಂಡ ಏಳನೇ ಎಡ್ವರ್ಡ್ ದೊರೆಯ ಕುರ್ಚಿಗೆ ತಲೆಯಾನಿಸಿದ ಸೀಸರ್ ಎಂಬ ನಾಯಿಯನ್ನು ಮಾಡ್ ಅರ್ಲ್ 1910ರಲ್ಲಿ ಬಿಡಿಸಿದ ಚಿತ್ರ.