ಪುಸ್ತಕದ ಒಳಪುಟಕ್ಕೆ ಯಾವ ನಂಬರು?

ಮೊದಲ ಕಥಾಸಂಕಲನ ಅಚ್ಚಿಗೆ ಹೋಗುವಾಗ ಮುಖಪುಟ, ಮುನ್ನುಡಿ, ಬೆನ್ನುಡಿ ಎಲ್ಲದರ ಚರ್ಚೆ ಆಗಿರುತ್ತದೆ. ‘ಲೇಖಕರ ವಿಳಾಸ’ ಎಂಬ ಮೂರು ಸಾಲು ಮಾತ್ರ ಉಳಿದುಬಿಡುತ್ತದೆ. ಡಿಟಿಪಿಯವರು ಕೇಳಿದಾಗ ಮನೆಯ ವಿಳಾಸ, ಕೈಯಲ್ಲಿರುವ ಮೊಬೈಲ್ ನಂಬರು ಹೇಳಿ ಮುಗಿಸುತ್ತೇವೆ. ಒಮ್ಮೆ ಅಚ್ಚಾದ ನಂಬರು ಗ್ರಂಥಾಲಯದ ಕಪಾಟಿನಲ್ಲಿ ವರ್ಷಗಟ್ಟಲೆ ಕೂಡುತ್ತದೆ. ಓದುಗರು ಯಾವ ದಾರಿಯಿಂದ ಬರಬೇಕು ಎಂಬುದನ್ನು ಕರಡು ತಿದ್ದುವಾಗಲೇ ಗೊತ್ತು ಮಾಡಿಕೊಳ್ಳಿ.

ಬ್ಯಾಂಕು, ಯುಪಿಐಗೆ ಜೋಡಿಸಿದ ನಂಬರು ಬೇಡವೇ ಬೇಡ. ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಸಾದಾ ವಾಟ್ಸಾಪ್ ಜೊತೆಗೆ ಒಂದೇ ಫೋನಿನಲ್ಲಿ ನಡೆಯುತ್ತದೆ. ಅದರ ‘ಅವೇ ಮೆಸೇಜ್’ನಲ್ಲಿ ‘ಭಾನುವಾರ ಉತ್ತರಿಸುತ್ತೇನೆ’ ಎಂದು ಬರೆದಿಟ್ಟರೆ ಬಂದವರಿಗೆಲ್ಲ ತಾನೇ ಹೋಗುತ್ತದೆ. ಪುಸ್ತಕದಲ್ಲೂ ನಂಬರಿನ ಪಕ್ಕ ‘ಸಂಜೆ 6ರಿಂದ 7’ ಎಂದು ಅಚ್ಚು ಹಾಕಿಸಿ. ಆ ಸಿಮ್ಮಿಗೆ ರೀಚಾರ್ಜ್ ತಪ್ಪಿಸಬೇಡಿ. ಬಹಳ ದಿನ ಬಳಸದೆ ಬಿಟ್ಟರೆ ನಂಬರು ಬಂದ್ ಆಗಿ ಬೇರೆಯವರ ಪಾಲಾಗುತ್ತದೆ, ನಿಮ್ಮ ಓದುಗರು ಅವರಿಗೆ ಫೋನ್ ಹಚ್ಚುತ್ತಾರೆ.

ಹೆಣ್ಣುಮಕ್ಕಳು ನಂಬರನ್ನೇ ಕೊಡದೆ ಇಮೇಲ್ ಮತ್ತು ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಸಿಗುವ ಪೋಸ್ಟ್ ಬಾಕ್ಸ್ ಕೊಟ್ಟರೂ ನಡೆಯುತ್ತದೆ. ರಾತ್ರಿ ಹತ್ತಕ್ಕೆ ‘ಕತಿ ಭಾಳ ಛಲೋ ಅದರಿ’ ಎಂದು ಶುರುವಾಗುವ ಕರೆ ಮರುದಿನ ಮನೆ ಎಲ್ಲಿ, ಮನೆಯವರು ಏನು ಮಾಡ್ತಾರೆ ಎಂದು ಕೇಳುತ್ತದೆ. ಅಂಥ ಕರೆಗೆ ಉತ್ತರಿಸುವ ಹಂಗು ಯಾವ ಲೇಖಕಿಗೂ ಇಲ್ಲ. ಮೊದಲ ಸಲವೇ ಬ್ಲಾಕ್ ಮಾಡಿ.

ಓದುಗರ ವಾಟ್ಸಾಪ್ ಗುಂಪು ಕಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ಗುಂಪಿನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುತ್ತದೆ, ನಾಲ್ಕನೇ ದಿನಕ್ಕೆ ಶುಭೋದಯದ ಚಿತ್ರಗಳು ತುಂಬುತ್ತವೆ. ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಒಳ್ಳೆಯದು: ಒಂದು ಪಟ್ಟಿಗೆ 256 ಜನ, ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಕಳಿಸಿದ್ದು ಮುಟ್ಟಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಸೇವ್ ಮಾಡಿರುವುದಿಲ್ಲ.

ಬಂದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಊರು, ಯಾವ ಕತೆ, ಏನಂದರು, ಉತ್ತರ ಹೋಯಿತೋ ಇಲ್ಲವೋ. ವಾರಕ್ಕೆ ಒಂದು ತಾಸು ಸಾಕು. ಮೆಚ್ಚಿದವರಿಗೆ ಐವತ್ತು ಪೈಸೆಯ ಅಂಚೆ ಕಾರ್ಡಿನಲ್ಲಿ ಎರಡು ಸಾಲು ಬರೆಯಿರಿ. ಅವರು ಹೆಸರಿಸಿದ ಕತೆಯ ಹೆಸರು ಅದರಲ್ಲಿ ಬರಲೇಬೇಕು. ಬರೀ ‘ಧನ್ಯವಾದಗಳು’ ಎಂದರೆ ಓದದೆ ಕಳಿಸಿದ ಹಾಗೆ ಕಾಣುತ್ತದೆ.

ಎಲ್ಲಕ್ಕಿಂತ ಮೊದಲು ಉತ್ತರ ಹೋಗಬೇಕಾದದ್ದು ತಪ್ಪು ತೋರಿಸಿದವರಿಗೆ. ನಿಮ್ಮ ಕತೆಯಲ್ಲಿ ಹುಡುಗನೊಬ್ಬ ಹಗೇವಿನ, ಅಂದರೆ ನೆಲದೊಳಗೆ ಕಾಳು ಕೂಡಿಡುವ ಗುಂಡಿಯ, ಬಾಯಿ ತೆಗೆದವನೇ ಜೋಳವನ್ನು ಚೀಲಕ್ಕೆ ತುಂಬಲು ಒಳಗೆ ಧುಮುಕುತ್ತಾನೆ ಅನ್ನಿ. ನವಲಗುಂದ, ರೋಣದ ಕಡೆಯ ರೈತರು ಬರೆಯುತ್ತಾರೆ: ‘ಹಂಗ ಯಾರೂ ಇಳಿಯೂದಿಲ್ರಿ, ಗಾಳಿ ಆಡಾಕ ಬಿಡ್ತಾರ.’ ಅವರ ಮಾತೇ ಸರಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ತಕ್ಷಣ ಇಳಿದವರ ಜೀವ ಹೋಗಬಹುದು. ‘ಅದು ಕತೆ ಮಾತ್ರ’ ಎಂದು ವಾದಿಸಬೇಡಿ. ಒಂದು ಪ್ರತಿಯ ಮೇಲೆ ‘ತಿದ್ದುಪಡಿ’ ಎಂದು ಬರೆದು ಆ ಪುಟದಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿ, ಎರಡನೇ ಮುದ್ರಣಕ್ಕೆ ಅದೇ ಪ್ರತಿ ಕೊಡಿ. ಮೈಸೂರಿನ ಕಡೆಯವರು ಹಗೇವು ಅಂದರೇನು ಎಂದು ಕೇಳಿದರೂ ಅದೇ ಪ್ರತಿಯಲ್ಲಿ ಬರೆದಿಡಿ. ಇಬ್ಬರು ಕೇಳಿದ ಪದಕ್ಕೆ ಪುಸ್ತಕದ ಕೊನೆಯಲ್ಲಿ ಅರ್ಥ ಸೇರಬೇಕು.

ಬೈದು ಬರೆದವರಿಗೆ ಅದೇ ದಿನ ಉತ್ತರ ಬೇಡ. ಎರಡು ದಿನ ಬಿಟ್ಟು ಓದಿ. ಬೈಗುಳದೊಳಗೆ ತಿದ್ದುಪಡಿ ಇದ್ದರೆ ಒಪ್ಪಿಕೊಂಡು ಬರೆಯಿರಿ. ರುಚಿಯ ಮಾತಾದರೆ ಬಿಟ್ಟುಬಿಡಿ.

ಧಾರವಾಡದಲ್ಲಿ ತಮ್ಮ ಹಸ್ತಪ್ರತಿ ಹಿಡಿದುಕೊಂಡು ಮುನ್ನುಡಿ ಕೇಳಲು ನೇರ ಮನೆಗೇ ಬರುವವರೂ ಇದ್ದಾರೆ. ಅವರಿಗೆ ಚಹಾ ಕೊಡಿ, ‘ಓದಿ ಹೇಳ್ತೀನಿ’ ಎಂದು ಮಾತ್ರ ಅನ್ನಬೇಡಿ; ಅವರು ಮುನ್ನುಡಿ ಸಿಕ್ಕಿತೆಂದೇ ತಿಳಿದು ಪ್ರಕಾಶಕರಿಗೆ ಹೇಳಿಬಿಡುತ್ತಾರೆ. ‘ಹತ್ತು ಪುಟ ಇಟ್ಟು ಹೋಗ್ರಿ, ತಿಂಗಳೊಳಗ ಹೇಳ್ತೀನಿ, ಮುನ್ನುಡಿ ಆಗೂದಿಲ್ರಿ’ ಎಂದು ಬಾಗಿಲಲ್ಲೇ ಹೇಳಿ. ಮರಳಿಸುವ ತಾರೀಖನ್ನು ಅವರೆದುರಿಗೇ ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳಿ.