ಜಾತ್ರೆ ಹೋಗುವ ದಾರಿಯಲ್ಲೇ ಸೊಲ್ಲಾಪುರ ತೋರಿಸಿದೆ

ಸೊಲ್ಲಾಪುರವನ್ನು ನಡೆದು ತೋರಿಸಲು ಮೊದಲ ಸಲ ಹನ್ನೊಂದು ಜನರನ್ನು ಕರೆದುಕೊಂಡು ಹೊರಟಾಗ ಕೋಟೆಯಿಂದ ಶುರು ಮಾಡಿದ್ದೆ. ಅದು ಏಪ್ರಿಲ್ ತಿಂಗಳು. ಬಹಮನಿ ಅರಸರು, ಆದಿಲಶಾಹಿ, ಪೇಶ್ವೆ, ಇಂಗ್ಲಿಷರು ಎಂದು ನಲವತ್ತು ನಿಮಿಷ ಗೋಡೆಯ ಪಕ್ಕದಲ್ಲೇ ನಿಂತು ಹೇಳಿದೆ. ಬಿಸಿಲು ಏರಿತು. ಇಂಡಿಯಿಂದ ಬಂದಿದ್ದ ಒಬ್ಬ ತಾಯಿ ನೆರಳು ಹುಡುಕಿ ಕೂತರು. ಕೂತಲ್ಲಿಂದಲೇ ಕೇಳಿದರು: "ಎಲ್ಲಾ ಛಲೋ ಐತ್ರಿ ಅಣ್ಣಾರ. ನಮ್ಮ ಸಿದ್ಧರಾಮ ಎಲ್ಲಿದ್ದಾನ್ರಿ?"

ಅವರು ಕೇಳಿದ್ದು ಸರಿ. ಕನ್ನಡದವರು ಈ ಊರಿಗೆ ಬರುವುದು ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಸಿದ್ಧರಾಮನನ್ನು ಹುಡುಕಿಕೊಂಡು. ವಚನಗಳಲ್ಲಿ 'ಕಪಿಲಸಿದ್ಧ ಮಲ್ಲಿಕಾರ್ಜುನ' ಎಂದು ಅಂಕಿತ ಹಾಕಿದ, 12ನೇ ಶತಮಾನದಲ್ಲಿ ಇಲ್ಲಿ ಕೆರೆ ತೋಡಿಸಿದ ಸಿದ್ಧರಾಮ. ನಾನು ಅವರಿಗೆ ಕಲ್ಲಿನ ಗೋಡೆ ತೋರಿಸುತ್ತಿದ್ದೆ.

ಮರುವಾರವೇ ದಾರಿ ಬದಲಿಸಿದೆ. ಹೊಸ ದಾರಿ ಹುಡುಕುವ ಕೆಲಸ ಇರಲಿಲ್ಲ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು, ಅಂದರೆ ಬಟ್ಟೆ ಸುತ್ತಿದ ಎತ್ತರದ ಕಂಬಗಳು, ಊರೊಳಗೆ ಹೋಗುವ ದಾರಿ ಇದ್ದೇ ಇದೆಯಲ್ಲ. ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ ಹೊರಟು ಬಾಳಿವೇಸ್, ವಿಜಾಪುರ ವೇಸ್, ಪಂಚಕಟ್ಟಾ ದಾಟಿ ಕೆರೆಯ ನಡುವಿನ ಗುಡಿ. ನಾನೊಬ್ಬನೇ ಮೂರು ಸಲ ಗಡಿಯಾರ ನೋಡಿಕೊಂಡು ನಡೆದೆ. ಒಬ್ಬನೇ ನಡೆದರೆ ಒಂದು ಗಂಟೆಯೂ ಬೇಡ. ಹನ್ನೆರಡು ಜನರ ಜೊತೆ ಮೂರು ಗಂಟೆ ಬೇಕು. ಹನ್ನೆರಡಕ್ಕಿಂತ ಜಾಸ್ತಿ ಜನರನ್ನು ನಾನು ಈಗ ಕರೆಯುವುದಿಲ್ಲ. ಓಣಿಗಳು ಸಣ್ಣವು, ಬೈಕುಗಳು ಬರುತ್ತಲೇ ಇರುತ್ತವೆ, ಹಿಂದೆ ನಿಂತವರಿಗೆ ಮಾತು ಕೇಳುವುದಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಡುತ್ತೇವೆ. ಬೂಟು ಬೇಡ, ಚಪ್ಪಲಿ ಹಾಕಿಕೊಂಡು ಬನ್ನಿ ಎಂದು ಮೊದಲೇ ಹೇಳುತ್ತೇನೆ. ದಾರಿಯುದ್ದಕ್ಕೂ ಕಳಚಿ ಹಾಕುವುದು ಇರುತ್ತದೆ. ಒಂಬತ್ತರ ಮೇಲೆ ಗುಡಿಯ ಅಂಗಳದ ಕಲ್ಲು ಕಾಯುತ್ತದೆ, ಅಷ್ಟರೊಳಗೆ ಅಲ್ಲಿಗೆ ಮುಟ್ಟಬೇಕು.

ವಾಡೆಯ ಹತ್ತಿರ ನಿಂತಾಗ ನಾನು ಜಾಸ್ತಿ ಮಾತಾಡುವುದಿಲ್ಲ. ಚೀಲದಿಂದ ಮರಾಠಿ ಪತ್ರಿಕೆಯ ಒಂದು ತುಣುಕು ತೆಗೆದು, ದೇವನಾಗರಿ ಓದಲು ಬರುವವರ ಕೈಗೆ ಕೊಡುತ್ತೇನೆ. ಜಾತ್ರೆಯ ಮೊದಲ ದಿನದ ಸುದ್ದಿ ಅದು. ಅವರು ತಡವರಿಸುತ್ತಾ ಓದುತ್ತಾರೆ: "ಯಣ್ಣೀ... ಮಜ್ಜನ." ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಒಬ್ಬರು "ಅಯ್ಯೋ, ಎಣ್ಣೆಮಜ್ಜನ!" ಅನ್ನುತ್ತಾರೆ. ಪ್ರತಿ ಸಲ ಇದು ಆಗುತ್ತದೆ. ಪ್ರತಿ ಸಲ ನನ್ನ ಮೈ ಜುಮ್ಮೆನ್ನುತ್ತದೆ.

ಹೌದು, ಎಣ್ಣೆಮಜ್ಜನವೇ. ಸಿದ್ಧರಾಮ ಊರ ಸುತ್ತ ಸ್ಥಾಪಿಸಿದ 68 ಲಿಂಗಗಳಿಗೆ ಆ ದಿನ ಎಣ್ಣೆ ಹಚ್ಚುತ್ತಾರೆ. ಕನ್ನಡ ಒಂದಕ್ಷರವೂ ಬಾರದ ಮನೆಗಳಲ್ಲೂ ಆ ದಿನದ ಹೆಸರು ಯಣ್ಣೀಮಜ್ಜನ. ಮರುದಿನದ ಅಕ್ಷತೆ ನಡೆಯುವುದು 'ಸಂಮತಿ ಕಟ್ಟಾ'ದಲ್ಲಿ. ಅದು ನಮ್ಮ ಸಮ್ಮತಿ ಕಟ್ಟೆ. ಜಾತ್ರೆ ಮುಗಿಯುವ ದಿನ ನಂದಿಧ್ವಜದ ಬಟ್ಟೆ ಬಿಚ್ಚುವುದಕ್ಕೆ 'ಕಪ್ಪಡಕಳಿ' ಎನ್ನುತ್ತಾರೆ. ಕಪ್ಪಡ ಅಂದರೆ ಬಟ್ಟೆ, ಹಳೆಯ ಮಾತು. ಕಳಿ ಅಂತೂ ನಮ್ಮ ಕಡೆ ಇವತ್ತಿಗೂ ಇದೆ, 'ಅಂಗಿ ಕಳಿ' ಅನ್ನುತ್ತೇವಲ್ಲ ಹಾಗೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಒಮ್ಮೆ ಗುಂಪಿನ ಒಬ್ಬರು ಜೋರಾಗಿ, "ನೋಡಿ, ಇದೆಲ್ಲಾ ನಮ್ಮದೇ" ಅಂದರು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ನಾವು ಐವತ್ತು ವರ್ಷ ಆ ಕಂಬಕ್ಕೆ ಹೆಗಲು ಕೊಟ್ಟವರು. ನನಗೆ ತುಂಬಾ ಬೇಸರವಾಯಿತು. ಏಳು ಧ್ವಜಗಳನ್ನು ಬೇರೆ ಬೇರೆ ಸಮಾಜದವರು ಹೊರುತ್ತಾರೆ. ಬಿಳಿ ಬಾರಾಬಂದಿ ಅಂಗಿ ತೊಟ್ಟು, ಅಷ್ಟು ಎತ್ತರದ ಕಂಬವನ್ನು ಎದೆಗೆ ಆನಿಸಿಕೊಂಡು ನಡೆಯುತ್ತಾರೆ. ಆ ಮಾತುಗಳನ್ನು ಎಂಟು ನೂರು ವರ್ಷ ಉಳಿಸಿಕೊಂಡವರಲ್ಲಿ ಅವರೂ ಇದ್ದಾರೆ, ಅಲ್ವಾ? ಈಗ ಹೊರಡುವ ಮುಂಚೆಯೇ ಇದನ್ನು ಹೇಳಿಬಿಡುತ್ತೇನೆ. ಓಣಿಯಲ್ಲಿ ಯಾರನ್ನಾದರೂ ಮಾತಾಡಿಸುವಾಗ ಮೊದಲು ಮರಾಠಿಯಲ್ಲೇ ಶುರು ಮಾಡುತ್ತೇನೆ. ಅವರು ಕನ್ನಡದವರಾದರೆ ತಾವೇ "ಬರ್ರಿ, ಕೂಡ್ರಿ" ಅನ್ನುತ್ತಾರೆ. ಲಿಂಗ ಮನೆಯ ಮಗ್ಗುಲಲ್ಲೇ ಇದ್ದರೆ ಕೇಳಿಯೇ ಒಳಗೆ ಹೋಗುವುದು, ಫೋಟೋ ಕೂಡ ಕೇಳಿಯೇ ತೆಗೆಯುವುದು.

ವೇಸ್ ಅಂದರೆ ಅಗಸಿ, ಊರ ಬಾಗಿಲು. ಬಾಗಿಲು ಕಾಣದಿದ್ದರೂ ಹೆಸರು ಉಳಿದಿದೆ. ವಿಜಾಪುರ ವೇಸ್‌ನಲ್ಲಿ ಚಹಾ ಕುಡಿಯುತ್ತೇವೆ. ವಿಜಯಪುರದಿಂದ ಬಂದವರು ಅಲ್ಲಿ ತಮ್ಮ ಊರಿನ ಕಡೆ ಮುಖ ಮಾಡಿ ಒಂದು ಫೋಟೋ ತೆಗೆಸಿಕೊಳ್ಳದೆ ಬಿಡುವುದಿಲ್ಲ.

ಸಮ್ಮತಿ ಕಟ್ಟೆಯ ಹತ್ತಿರ ಎಲ್ಲರನ್ನೂ ಕೂರಿಸುತ್ತೇನೆ. ಕುಂಬಾರರ ಹುಡುಗಿಯ ಕಥೆಗೆ ಇದೇ ಜಾಗ. ಅವಳು ಸಿದ್ಧರಾಮನನ್ನೇ ಮದುವೆಯಾಗುತ್ತೇನೆ ಎಂದಳು. ಅವನು ಆಗುವುದಿಲ್ಲ ಎಂದು ತನ್ನ ಯೋಗದಂಡ ಕೊಟ್ಟ, ಅವಳು ಅದನ್ನೇ ವರಿಸಿದಳು. ಈ ಕಥೆ ಕೇಳಿದ ಮೇಲೆ ಜಾತ್ರೆಯ ದಿನಗಳು ತಾವೇ ಅರ್ಥವಾಗುತ್ತವೆ. ಮೊದಲು ಎಣ್ಣೆ, ಆಮೇಲೆ ಅಕ್ಷತೆ: ನಮ್ಮ ಮನೆಯ ಮದುವೆಯ ಕ್ರಮವೇ. ಮೂರನೆಯ ದಿನ ಹೋಮ ಮೈದಾನದಲ್ಲಿ ಬೆಂಕಿ. ಅವಳು ಬೆಂಕಿಗೆ ಹೋದಳು ಎಂದು ಜನ ಹೇಳುತ್ತಾರೆ. ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಕೆರೆಯ ಗಾಳಿ ಬರುತ್ತಿರುತ್ತದೆ. ಅಲ್ಲಮ ಬಂದು, ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಒಡ್ಡರಾಮ ಎಂದು ಕರೆದ ಪ್ರಸಂಗವನ್ನು ಯಾರಾದರೂ ನೆನಪಿಸುತ್ತಾರೆ. ನಾನು ಹೇಳುವುದಕ್ಕಿಂತ ಅವರು ಹೇಳಿದರೇ ಚೆಂದ.

ಕೋಟೆ ಈಗ ಕೊನೆಯಲ್ಲಿ ಬರುತ್ತದೆ, ಕಾಲು ಗಂಟೆ ಸಾಕು. ಒಳಗೆ ಇರುವ ಹಳೆಯ ಗುಡಿಯ ಕಂಬಗಳನ್ನು ಮಾತ್ರ ತಪ್ಪಿಸುವುದಿಲ್ಲ. ಅಲ್ಲಿಂದ ಚಾರ್ ಹುತಾತ್ಮಾ ಚೌಕ. 1930ರಲ್ಲಿ ಸೊಲ್ಲಾಪುರದ ಮೇಲೆ ಇಂಗ್ಲಿಷರು ಮಾರ್ಷಲ್ ಲಾ ಹೇರಿದ್ದರು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದ್ದು 1931ರ ಜನವರಿ 12ರಂದು. ಸಂಕ್ರಾಂತಿಗೆ ಎರಡೇ ದಿನ ಇತ್ತು. ಆ ವರ್ಷ ಎಣ್ಣೆಮಜ್ಜನದ ದಾರಿಯಲ್ಲಿ ನಡೆದವರ ಮನಸ್ಸು ಹೇಗಿದ್ದಿರಬಹುದು ಎಂದು ನಾನು ಪ್ರತಿ ಸಲ ಯೋಚಿಸುತ್ತೇನೆ. ಆ ನಾಲ್ಕು ಹೆಸರುಗಳನ್ನು ಗುಂಪಿನವರಿಂದಲೇ ಗಟ್ಟಿಯಾಗಿ ಹೇಳಿಸುತ್ತೇನೆ. ನಡಿಗೆ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ದಾರಿಯ ತಯಾರಿಯಲ್ಲಿದ್ದೇನೆ. ಊರಿನ ಪೂರ್ವ ಭಾಗ, ತೆಲುಗು ಮಾತಾಡುವ ನೇಕಾರರ ಓಣಿಗಳು. ನನಗೆ ತೆಲುಗು ಬರುವುದಿಲ್ಲ. ಅದಕ್ಕೆ ಅಲ್ಲಿಯವರೇ ಒಬ್ಬರು ಮುಂದೆ ನಡೆಯಬೇಕು, ನಾನು ಪಕ್ಕದಲ್ಲಿದ್ದು ಕನ್ನಡದಲ್ಲಿ ಹೇಳಬೇಕು ಅಂತ ಆಸೆ. ಎರಡು ಬೆಳಿಗ್ಗೆ ಹೋಗಿ ಸುಮ್ನೆ ಮಗ್ಗದ ಸದ್ದು ಕೇಳಿಕೊಂಡು ಬಂದಿದ್ದೇನೆ. ಚಾದರ ನೇಯುವ ಮನೆಯ ಒಬ್ಬ ಅಮ್ಮ ಮುಂದಿನ ಭಾನುವಾರ ಬಾ ಎಂದಿದ್ದಾರೆ.