ಮನೆಯಲ್ಲಿ ಉಬ್ಬಸ ಇರುವವರಿದ್ದರೆ, ಮೊದಲು ಒಂದು ವಾರ ಗಾಳಿಯ ಲೆಕ್ಕ ಬರೆಯಿರಿ

ನಮ್ಮ ಅಮ್ಮನಿಗೆ ಉಬ್ಬಸ. ಚಳಿಗಾಲ ಬಂತೆಂದರೆ ರಾತ್ರಿ ಎದೆಯಲ್ಲಿ ಸುಂಯ್ ಅಂತ ಸದ್ದು, ಎರಡು ದಿಂಬು ಇಟ್ಟುಕೊಂಡು ಒರಗಿ ಕೂರುವುದು, ಬೆಳಗಿನ ಜಾವ ಬಿಡದ ಕೆಮ್ಮು. ನಾವೆಲ್ಲ ಬೆಂಗಳೂರಿನ ಟ್ರಾಫಿಕ್ಕನ್ನು ಬೈದು ಸುಮ್ಮನಾಗುತ್ತಿದ್ದೆವು. ಒಂದು ಡಿಸೆಂಬರ್‌ನಲ್ಲಿ ಹಳೇ ನೋಟ್‌ಬುಕ್ ತೆಗೆದುಕೊಂಡು, ಅಮ್ಮನಿಗೆ ಯಾವ ಹೊತ್ತಿಗೆ ಕೆಮ್ಮು ಜಾಸ್ತಿ, ಆಗ ಮನೆಯಲ್ಲಿ, ಬೀದಿಯಲ್ಲಿ ಏನು ನಡೀತಿತ್ತು ಅಂತ ಒಂದು ವಾರ ಬರೆದೆ. ಮೂರು ಹೊತ್ತು ಎದ್ದು ಕಂಡವು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದ ಮೇಲೆ. ಅಡುಗೆಗೆ ಒಗ್ಗರಣೆ ಹಾಕುವಾಗ. ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚಿದ ಮೇಲೆ. ಮೂರರಲ್ಲಿ ಎರಡು ನಮ್ಮ ಮನೆಯದೇ ಹೊಗೆ!

ನೀವೂ ಇಲ್ಲಿಂದಲೇ ಶುರು ಮಾಡಿ. ಏನನ್ನೂ ಕೊಳ್ಳಬೇಡಿ ಇನ್ನೂ. ಹೊತ್ತು, ಕೆಮ್ಮು ಎಷ್ಟು, ಸುತ್ತ ಏನು ಉರೀತಿತ್ತು ಅಥವಾ ಏನು ಗುಡಿಸ್ತಿದ್ದರು, ಇಷ್ಟು ಬರೆದರೆ ಸಾಕು.

ಫೋನಿನಲ್ಲಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ, ನೋಡುತ್ತೇವಲ್ಲಾ ಅಂತ ನೀವು ಕೇಳಬಹುದು. ನೋಡಿ, ಬೇಡ ಅನ್ನಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಹೆಬ್ಬಾಳ, ಪೀಣ್ಯ, ಸಿಲ್ಕ್ ಬೋರ್ಡ್ ಎಲ್ಲ ಕಡೆಯ ಲೆಕ್ಕ ಸಿಗುತ್ತದೆ. ಆದರೆ ಅದರಲ್ಲಿ ಧೂಳಿನ ಲೆಕ್ಕ ಹಿಂದಿನ 24 ಗಂಟೆಯ ಸರಾಸರಿ. ಪಕ್ಕದ ಖಾಲಿ ಸೈಟಿನಲ್ಲಿ ಈಗ ಯಾರೋ ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಇಟ್ಟರೆ ಅದು ಆ ಅಂಕಿಯಲ್ಲಿ ಕಾಣುವುದೇ ಇಲ್ಲ, ನಿಮ್ಮ ಮೂಗಿಗೆ ಮಾತ್ರ ಗೊತ್ತು. ಇನ್ನೊಂದು ಗೊಂದಲ: ಕೆಲವು ಆ್ಯಪ್‌ಗಳು ಅಮೆರಿಕದ ಅಳತೆ ತೋರಿಸುತ್ತವೆ. ಪಿಎಂ 2.5 ಅನ್ನುವ ಸಣ್ಣ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಇದ್ದರೆ ನಮ್ಮ ಅಳತೆಯಲ್ಲಿ ಎಕ್ಯೂಐ 100, ಅಂದರೆ 'ತೃಪ್ತಿಕರ'ದ ಕೊನೇ ಮೆಟ್ಟಿಲು. ಅದೇ ಗಾಳಿ ಅಮೆರಿಕದ ಅಳತೆಯಲ್ಲಿ 150 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ದಿನಕ್ಕೆ ಹೇಳಿದ ಮಿತಿ 15 ಮೈಕ್ರೋಗ್ರಾಂ ಮಾತ್ರ. ಹಾಗಾಗಿ ಹಸಿರು ಬಣ್ಣ ಕಂಡ ತಕ್ಷಣ ಉಬ್ಬಸ ಇರುವವರನ್ನು ಗಾಡಿ ಓಡಾಡುವ ರಸ್ತೆಗೆ ವಾಕಿಂಗ್ ಕಳಿಸಬೇಡಿ.

ಈ ಪಿಎಂ 2.5 ಯಾಕೆ ಅಷ್ಟು ಕೆಟ್ಟದ್ದು? ಅದು ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತ ಸಣ್ಣದು. ಮೂಗಿನ ಕೂದಲು, ಗೊಣ್ಣೆ ಇದನ್ನು ಹಿಡಿದು ನಿಲ್ಲಿಸಲಾರವು. ಸೀದಾ ಶ್ವಾಸಕೋಶದ ತಳ ಮುಟ್ಟುತ್ತದೆ, ಅತಿ ಸಣ್ಣವು ರಕ್ತಕ್ಕೂ ಇಳಿಯುತ್ತವೆ. ಅದಕ್ಕೇ ಕೆಟ್ಟ ಗಾಳಿಯಿಂದ ಬರೀ ಕೆಮ್ಮಲ್ಲ, ಹೃದಯಾಘಾತ, ಪಾರ್ಶ್ವವಾಯುವೂ ಹೆಚ್ಚುತ್ತವೆ. 2013ರಲ್ಲೇ ಹೊರಗಿನ ಗಾಳಿಯ ಮಾಲಿನ್ಯವನ್ನು ಕ್ಯಾನ್ಸರ್ ತರುವಂಥದ್ದರ ಪಟ್ಟಿಗೆ ಸೇರಿಸಿದ್ದಾರೆ.

ಈಗ ಆ ಮೂರು ಹೊತ್ತು.

ಮೊದಲು ರಾತ್ರಿಯದ್ದು, ಯಾಕೆಂದರೆ ಇದು ಎಲ್ಲಕ್ಕಿಂತ ಸುಲಭ. ಒಂದು ಸುರುಳಿ ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟು ಸುಟ್ಟದ್ದಕ್ಕೆ ಸಮ ಅಂತ 2003ರ ಒಂದು ಅಧ್ಯಯನದಲ್ಲಿ ಲೆಕ್ಕ ಸಿಕ್ಕಿತ್ತು. ಅದನ್ನು ಓದಿದ ದಿನ ನಾನು ನಿದ್ದೆ ಮಾಡಲಿಲ್ಲ. ಮಂಚದ ಕೆಳಗೆ, ಅಮ್ಮನ ತಲೆ ಇರುವ ಕಡೆಗೇ ಬತ್ತಿ ಇಟ್ಟು, ಬಾಗಿಲು ಹಾಕಿ ಗುಡ್ ನೈಟ್ ಹೇಳಿ ಬರುತ್ತಿದ್ದವನು ನಾನೇ. ಬತ್ತಿ ಬಿಟ್ಟುಬಿಡಿ. ಕಿಟಕಿಗೆ ಜಾಲರಿ ಹಾಕಿಸಿ, ಬಾಡಿಗೆ ಮನೆಯಾದರೆ ವೆಲ್ಕ್ರೋ ಅಂಟಿಸುವ ಜಾಲರಿ ಸಿಗುತ್ತದೆ, ಜೊತೆಗೆ ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿ. ಊದಿನಕಡ್ಡಿ, ಸಾಂಬ್ರಾಣಿ ವಿಷಯಕ್ಕೆ ಮನೆಯಲ್ಲಿ ಜಗಳ ಆಗುತ್ತದೆ, ಗೊತ್ತು. ನಮ್ಮಲ್ಲಿ ಈಗ ದೀಪ, ಹೂವು ಇದ್ದೇ ಇದೆ. ಹಬ್ಬದ ದಿನ ಒಂದೇ ಕಡ್ಡಿ, ಅದೂ ಕಿಟಕಿ ತೆಗೆದು.

ಅಡುಗೆಮನೆ. ಗ್ಯಾಸ್ ಇದೆ, ಸೌದೆ ಒಲೆ ಅಲ್ಲ, ಮತ್ತೇನು ಅಂತ ನಾನೂ ಅಂದುಕೊಂಡಿದ್ದೆ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದು ಕಪ್ಪಾಗುವಾಗ ಇಡೀ ಮನೆ ಕೆಮ್ಮುತ್ತದಲ್ವಾ, ಆ ಘಾಟು, ಎಣ್ಣೆಯ ಹೊಗೆ ಎರಡೂ ಉಬ್ಬಸದವರಿಗೆ ಆಗಿಬರಲ್ಲ. ಒಗ್ಗರಣೆಗೆ ಐದು ನಿಮಿಷ ಮುಂಚೆಯೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಆದ ಮೇಲೆ ಹದಿನೈದು ನಿಮಿಷ ಓಡಲಿ. ಅದರ ರೆಕ್ಕೆಗೆ ಹಿಡಿದ ಜಿಡ್ಡನ್ನು ತಿಂಗಳಿಗೊಮ್ಮೆ ಬಿಸಿ ಸೋಪಿನ ನೀರಲ್ಲಿ ತೊಳೆಯಿರಿ. ನಮ್ಮದನ್ನು ಬಿಚ್ಚಿದಾಗ ಬೆರಳು ಅಂಟಿಕೊಳ್ಳುವಷ್ಟು ದಪ್ಪ ಜಿಡ್ಡಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಹೊರಗೆ ಹೋಗುತ್ತಲೇ ಇರಲಿಲ್ಲ. ಊರಲ್ಲಿ ಹಂಡೆ ಒಲೆಗೆ ಪ್ಲಾಸ್ಟಿಕ್ ಕವರ್ ಹಾಕಿ ಬೆಂಕಿ ಹೊತ್ತಿಸುವ ರೂಢಿ ಇದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ, ಆ ಹೊಗೆ ವಿಷ.

ಬೆಳಗಿನ ವಾಕಿಂಗ್. ಚಳಿಗಾಲದ ಬೆಳಿಗ್ಗೆ ನೆಲ ತಣ್ಣಗಿರುತ್ತದೆ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ, ರಾತ್ರಿಯ ಹೊಗೆ, ಧೂಳು ಎಲ್ಲ ಕೆಳಗೇ ಉಳಿಯುತ್ತದೆ. ಬಿಸಿಲು ಏರಿ ನೆಲ ಕಾದ ಮೇಲಷ್ಟೇ ಅದು ಚದುರುವುದು. 'ಬೆಳಗಿನ ಗಾಳಿ ಶುದ್ಧ' ಅನ್ನುವ ಮಾತು ಡಿಸೆಂಬರ್, ಜನವರಿಯ ಸಿಟಿಗೆ ಹೊಂದಲ್ಲ. ಅಮ್ಮ ಈಗ ಒಂಬತ್ತರ ಮೇಲೆ ಹೋಗುತ್ತಾರೆ, ಮೇನ್ ರೋಡ್ ಬಿಟ್ಟು ಒಳಗಿನ ಪಾರ್ಕಿಗೆ. ಮನೆಯ ಕಿಟಕಿಯನ್ನೂ ಆಗಲೇ ತೆಗೆಯುವುದು. ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಆ ಆಯ್ಕೆಯೂ ಇಲ್ಲ, ಎಲ್ಲರಿಗಿಂತ ಜಾಸ್ತಿ ಧೂಳು ಕುಡಿಯುವವರು ಅವರೇ. ನಿಮ್ಮ ಬೀದಿಯವರಿಗೆ ಎನ್95 ಮಾಸ್ಕ್ ತಂದುಕೊಡಿ, ಒಣ ಎಲೆಗೆ ಬೆಂಕಿ ಇಡುವ ಬದಲು ಗೊಬ್ಬರದ ಗುಂಡಿಗೆ ಜಾಗ ಕೊಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಮನೆಯೊಳಗೆ ಒಣ ಪೊರಕೆ ಆಡಿಸಿದರೆ ಧೂಳು ಎದ್ದು ಗಂಟೆಗಟ್ಟಲೆ ತೇಲುತ್ತದೆ. ಉಬ್ಬಸದವರನ್ನು ಬೇರೆ ರೂಮಿಗೆ ಕಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಾಸಿಗೆ ಹೊದಿಕೆ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ.

ಗಾಳಿ ಶುದ್ಧ ಮಾಡುವ ಗಿಡ ಅಂತ ಮಾರುತ್ತಾರೆ. ಗಿಡ ಇಡಿ, ಕಣ್ಣಿಗೆ ತಂಪು, ಧೂಳು ಮಾತ್ರ ಹೋಗಲ್ಲ. ಇಷ್ಟೆಲ್ಲ ಮಾಡಿಯೂ ರಾತ್ರಿ ಕೆಮ್ಮು ನಿಲ್ಲದಿದ್ದರೆ ಆಗ ಏರ್ ಪ್ಯೂರಿಫೈಯರ್ ಯೋಚಿಸಿ, ಮಲಗುವ ಕೋಣೆಗೆ ಮಾತ್ರ. ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಬೇಕು, ಓಝೋನ್ ಬಿಡುವಂಥದ್ದು ಬೇಡವೇ ಬೇಡ. ಡಬ್ಬಿಯ ಮೇಲೆ ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಗಾಳಿ ಸೋಸಿ ಕೊಡುತ್ತದೆ ಅನ್ನುವ ಅಂಕಿ, ನೋಡಿ: 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಸುಮಾರು 34 ಘನ ಮೀಟರ್, ಗಂಟೆಗೆ ಐದು ಸಲ ಗಾಳಿ ಸೋಸಬೇಕಾದರೆ ಗಂಟೆಗೆ 170 ಘನ ಮೀಟರ್ ಬೇಕು.

ಇದೆಲ್ಲ ಔಷಧಿಯ ಬದಲಿಗಲ್ಲ. ಇನ್‌ಹೇಲರ್ ಚಟ ಆಗುತ್ತದೆ ಅಂತ ಹೇಳುವವರ ಮಾತು ಕೇಳಿ ನಮ್ಮ ಅಮ್ಮ ಎರಡು ವರ್ಷ ಅದನ್ನು ಬಚ್ಚಿಟ್ಟಿದ್ದರು. ಚಟ ಆಗಲ್ಲ. ಸ್ಪೇಸರ್, ಅಂದರೆ ಇನ್‌ಹೇಲರ್ ಬಾಯಿಗೆ ಸಿಕ್ಕಿಸುವ ಕೊಳವೆ, ಹಾಕಿ ತೆಗೆದುಕೊಂಡರೆ ಔಷಧಿ ಗಂಟಲಲ್ಲಿ ಉಳಿಯದೆ ಒಳಗೆ ಹೋಗುತ್ತದೆ, ಸ್ಟಿರಾಯ್ಡ್ ಇನ್‌ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ, ಇನ್‌ಹೇಲರ್ ಹಾಕಿದರೂ ಕಡಿಮೆ ಆಗುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಉಳಿದ ದಿನ ಡಾಕ್ಟರ್ ಹತ್ತಿರ ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ. 'ಯಾವಾಗ ಜಾಸ್ತಿ ಆಗುತ್ತದೆ?' ಅಂತ ಅವರು ಕೇಳಿದಾಗ ನೆನಪು ಮಾಡಿಕೊಳ್ಳುತ್ತಾ ಕೂರಬೇಕಿಲ್ಲ, ಪುಟ ತೆಗೆದು ತೋರಿಸಿ.